ರೂವಾರಿಯ ಕಸುಬು, ದೊರೆಯ ಹೆಸರು

ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳನ್ನು ಯುನೆಸ್ಕೊ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಮೂರಕ್ಕೂ ಸೇರಿಸಿ ಅದು ಕೊಟ್ಟ ಹೆಸರಿನಲ್ಲಿ ಹೊಯ್ಸಳರಿದ್ದಾರೆ. ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ಶಾಲೆಯ ಪುಸ್ತಕದಿಂದ ಹಿಡಿದು ಪ್ರವಾಸದ ಕೈಪಿಡಿಯವರೆಗೆ ನಾವು ಗುಡಿಗಳನ್ನು ಅರಸುಮನೆತನಗಳ ಲೆಕ್ಕದಲ್ಲೇ ಓದುತ್ತ ಬಂದಿದ್ದೇವೆ. ಬಾದಾಮಿ ಚಾಲುಕ್ಯರದು ಒಂದು ಅಧ್ಯಾಯ, ರಾಷ್ಟ್ರಕೂಟರದು ಇನ್ನೊಂದು, ಆಮೇಲೆ ಕಲ್ಯಾಣದ ಚಾಲುಕ್ಯರು, ಹೊಯ್ಸಳರು, ವಿಜಯನಗರ. ಸಿಂಹಾಸನದ ಮೇಲೆ ಮನೆತನ ಬದಲಾದ ಕೂಡಲೇ ಕಲ್ಲಿನ ಮೇಲೆ ಶೈಲಿಯೂ ಬದಲಾಯಿತೆಂಬ ಒಂದು ಊಹೆ ಈ ಜೋಡಣೆಯೊಳಗೆ ಸದ್ದಿಲ್ಲದೆ ಕೂತಿದೆ. ಆದರೆ ಈ ಹಣೆಪಟ್ಟಿ ಮೊದಲಿನಿಂದ ಇದ್ದದ್ದಲ್ಲ. 19ನೆಯ ಶತಮಾನದಲ್ಲಿ ಭಾರತದ ವಾಸ್ತುವಿನ ಇತಿಹಾಸ ಬರೆದ ಜೇಮ್ಸ್ ಫರ್ಗ್ಯುಸನ್ ಹಳೇಬೀಡಿಗೆ ಬೆರಗಾದವನು, ಆದರೂ ಅದನ್ನು ಸೇರಿಸಿದ್ದು ‘ಚಾಲುಕ್ಯ ಶೈಲಿ’ಯ ಕೆಳಗೆ. ಅವನ ವಿಂಗಡಣೆ ಒರಟಾಗಿತ್ತು, ನಿಜ. ಆದರೆ ಅದರಲ್ಲಿ ಒಂದು ಸತ್ಯಾಂಶವಿತ್ತು, ನಂತರದ ನಯವಾದ ವಿಂಗಡಣೆಗಳಲ್ಲಿ ಅದು ಮಸುಕಾಯಿತು. ನಾವು ಹೊಯ್ಸಳ ಶೈಲಿ ಎನ್ನುವುದು ಹೊಯ್ಸಳರು ಹುಟ್ಟಿಸಿದ್ದಲ್ಲ, ಬಹುಪಾಲು ಅವರು ಹಣ ಹಾಕಿ ಕಟ್ಟಿಸಿದ್ದೂ ಅಲ್ಲ. ಅದು ಊರಿಂದ ಊರಿಗೆ ಕೆಲಸ ಹುಡುಕಿಕೊಂಡು ನಡೆದ ರೂವಾರಿಗಳ, ಅಂದರೆ ಶಿಲ್ಪಿಗಳ, ಕಸುಬು, ಅವರನ್ನು ಕರೆಸಿಕೊಂಡ ದಂಡನಾಯಕರ, ಹೆಗ್ಗಡೆಗಳ, ವ್ಯಾಪಾರಿಗಳ ಹಣ. ದೊರೆಯ ಹೆಸರು ಅದರ ಮೇಲೆ ಬಿದ್ದ ಮುದ್ರೆ ಮಾತ್ರ.

ಬೇಲೂರಿನಿಂದಲೇ ನೋಡೋಣ, ಏಕೆಂದರೆ ದೊರೆಯ ಪರವಾದ ಸಾಕ್ಷ್ಯ ಅತಿ ಗಟ್ಟಿಯಾಗಿರುವುದು ಅಲ್ಲಿ. ವಿಷ್ಣುವರ್ಧನ 1117ರಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದ. ನಾವು ಇಂದು ಚೆನ್ನಕೇಶವ ಎನ್ನುವ ದೇವರು ಅದು. ಅದೇ ಅಂಗಳದ ಕಪ್ಪೆ ಚೆನ್ನಿಗರಾಯನ ಗುಡಿ ವಿಷ್ಣುವರ್ಧನನ ರಾಣಿ ಶಾಂತಲೆಯದು. ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ ಹುರುಪಿನಲ್ಲಿ, ತನ್ನ ನೆಲದಲ್ಲಿ, ತನ್ನ ಹಣದಲ್ಲಿ ದೊರೆಯೊಬ್ಬ ಕಟ್ಟಿಸಿದ ಗುಡಿ ಎನ್ನುವುದರಲ್ಲಿ ಸಂಶಯವಿಲ್ಲ. ಆದರೆ ಉಳಿ ಹಿಡಿದವರು ಯಾರು? ಮದನಿಕೆಗಳ ಪಾದಪೀಠಗಳಲ್ಲಿ, ಗೋಡೆಯ ಮೂರ್ತಿಗಳ ಬುಡದಲ್ಲಿ ಅವರೇ ಬರೆದುಕೊಂಡಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದುಗಿನ ನಾಗೋಜ, ಪದರಿ ಮಲ್ಲೋಜ, ಚಿಕ್ಕ ಹಂಪ. ಬಳ್ಳಿಗಾವೆ ಬನವಾಸಿ ನಾಡಿನ ದೊಡ್ಡ ಪಟ್ಟಣ, ಗದಗು ಬೆಳ್ವೊಲದ್ದು. ಎರಡೂ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ ನೆಲ. ವಿಷ್ಣುವರ್ಧನ ಹೆಸರಿಗೆ ಆ ಚಕ್ರವರ್ತಿಯ ಸಾಮಂತ, ಮನಸ್ಸಿನಲ್ಲಿ ಅವನಿಂದ ಬಿಡಿಸಿಕೊಳ್ಳಲು ಕಾಯುತ್ತಿದ್ದವನು. ಬೇಲೂರಿನ ಪ್ರತಿಷ್ಠೆಯ ಮರುವರ್ಷವೇ, 1118ರಲ್ಲಿ, ಅವನ ದಂಡನಾಯಕ ಗಂಗರಾಜ ಕಣ್ಣೆಗಾಲದಲ್ಲಿ ಚಾಲುಕ್ಯರ ಪಾಳೆಯದ ಮೇಲೆ ರಾತ್ರಿ ದಾಳಿ ಮಾಡಿ ಗೆದ್ದ. ಅಂದರೆ ಎರಡು ರಾಜ್ಯಗಳು ಯುದ್ಧಕ್ಕೆ ಸಜ್ಜಾಗುತ್ತಿದ್ದ ವರ್ಷಗಳಲ್ಲೇ ಒಂದರ ಶಿಲ್ಪಿಗಳು ಇನ್ನೊಂದರ ರಾಜಗೌರವದ ಗುಡಿಯನ್ನು ಕಡೆಯುತ್ತಿದ್ದರು. ಕಸುಬಿನ ಗಡಿ ರಾಜ್ಯದ ಗಡಿಯಾಗಿರಲಿಲ್ಲ ಎನ್ನಲು ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ಆ ಶಿಲ್ಪಿಗಳು ಬರಿಗೈಯಲ್ಲಿ ಬಂದವರಲ್ಲ. ನಾವು ಬೇಲೂರಿನಲ್ಲಿ ಮೆಚ್ಚುವ ಬಹುತೇಕ ಸಂಗತಿಗಳು ಅದಕ್ಕೂ ಮೊದಲಿನ ನೂರು ವರ್ಷಗಳಲ್ಲಿ ತುಂಗಭದ್ರೆಯ ಎರಡೂ ದಂಡೆಗಳಲ್ಲಿ ಪ್ರಯೋಗಗೊಂಡು ಪಳಗಿದ್ದವು. 1007ರಲ್ಲಿ ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಕಟ್ಟಿಸಿದ ಬಸದಿ, ಮಲಪ್ರಭೆಯ ಕಡೆಯ ಮರಳುಗಲ್ಲನ್ನು ಬಿಟ್ಟು ನುಣುಪಾದ ಬಳಪದ ಕಲ್ಲಿಗೆ ತಿರುಗಿದ ಆರಂಭದ ಕಟ್ಟಡಗಳಲ್ಲೊಂದು. ಅಲ್ಲಿನ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡಗಳಲ್ಲಿ ಬಳ್ಳಿಯೊಳಗೆ ಬಳ್ಳಿ ಹೆಣೆದ ಕೆತ್ತನೆ ಹಳೇಬೀಡಿಗೆ ಒಂದು ಹೆಜ್ಜೆಯೂ ಹಿಂದಿಲ್ಲ. ಡಂಬಳದ ದೊಡ್ಡಬಸಪ್ಪ ಗುಡಿಯ ಗರ್ಭಗೃಹದ ಹೊರಗೋಡೆ 24 ಮೂಲೆಗಳ ನಕ್ಷತ್ರ. ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಇಟಗಿಯಲ್ಲಿ ಕಟ್ಟಿಸಿದ ಗುಡಿಯನ್ನು ಅಲ್ಲಿಯ ಶಾಸನ ದೇವಾಲಯಗಳ ಚಕ್ರವರ್ತಿ ಎಂದು ಕರೆಯುತ್ತದೆ. ಬೇಲೂರಿನ ಪ್ರತಿಷ್ಠೆಯ ಹೊತ್ತಿಗೆ ಅದು ಮುಗಿದಿತ್ತು. ತಿರುಗಣಿಗೆ ಕೊಟ್ಟು ಕಡೆದ ದುಂಡು ಕಂಬ, ನವರಂಗದ ನಡುವಿನ ಎತ್ತರದ ಭುವನೇಶ್ವರಿ ಛಾವಣಿ, ಸುಕನಾಸಿಯ ಮುಂಚಾಚು, ಗೋಡೆಯ ಮೇಲೆ ಪುಟ್ಟ ಪುಟ್ಟ ಗುಡಿಗಳನ್ನೇ ಅಲಂಕಾರವಾಗಿ ಜೋಡಿಸುವ ಕ್ರಮ, ಇವೆಲ್ಲ ದಾಸೋಜನಂಥವರ ಕೈಗೆ ಪಾಠವಾಗಿ ಬಂದಿದ್ದವು. ಏಳನೆಯ ಶತಮಾನದಿಂದ 13ನೆಯ ಶತಮಾನದವರೆಗಿನ ಈ ಇಡೀ ಹರಿವನ್ನು ವಿದ್ವಾಂಸ ಆಡಂ ಹಾರ್ಡಿ ಒಂದೇ ‘ಕರ್ಣಾಟ ದ್ರಾವಿಡ’ ಪರಂಪರೆಯಾಗಿ ಓದಿದರು. ನಾಡಿನ ಹೆಸರು ಮನೆತನದ ಹೆಸರಿಗಿಂತ ಸತ್ಯಕ್ಕೆ ಹತ್ತಿರವಿದೆ.

ಹಾಗಾದರೆ ಬೇಲೂರು ಲಕ್ಕುಂಡಿಯ ನಕಲೇ? ಅಲ್ಲ. ವ್ಯತ್ಯಾಸ ಯಾರ ಕಣ್ಣಿಗೂ ಕಾಣುತ್ತದೆ. ಉತ್ತರದ ಗುಡಿಗಳಲ್ಲಿ ಗೋಡೆಯೇ ಪ್ರಧಾನ. ಅದರ ಪದರಗಳು, ನೆರಳು ಬೀಳುವ ಸಂದುಗಳು, ಮೇಲೇರುವ ಗೆರೆಗಳು ಕಟ್ಟಡಗಾರನ ಲೆಕ್ಕಾಚಾರಗಳು. ದಕ್ಷಿಣಕ್ಕೆ ಬಂದಂತೆ ಮೂರ್ತಿಕಾರ ಗೋಡೆಯನ್ನು ತನ್ನದಾಗಿಸಿಕೊಂಡ. ದೊಡ್ಡ ಮೂರ್ತಿಗಳು ಸಾಲುಗಟ್ಟಿ ನಿಂತವು, ಕೆಳಗೆ ಆನೆ, ಕುದುರೆ, ಬಳ್ಳಿ, ಪುರಾಣಕಥೆಗಳ ಪಟ್ಟಿಕೆಗಳು ಒಂದರ ಮೇಲೊಂದು ಏರಿದವು. ಇದಕ್ಕೆ ಕೆಲವರು ಕೊಡುವ ಕಾರಣ ಹೊಯ್ಸಳರ ರಸಿಕತೆ, ಆಸ್ಥಾನದ ವೈಭವ. ನನಗೆ ಅದಕ್ಕಿಂತ ಸರಳವಾದ ಕಾರಣ ಕಾಣುತ್ತದೆ, ಅದು ಕಲ್ಲು. ಹಾಸನದ ಸುತ್ತಲ ನೆಲದಲ್ಲಿ ಬಳಪದ ಕಲ್ಲು ಹತ್ತಿರದಲ್ಲೇ ಸಿಗುತ್ತದೆ. ಗಣಿಯಿಂದ ತೆಗೆದಾಗ ಅದು ಮೆದು. ಉಳಿಗೆ ಎದುರಾಡುವುದಿಲ್ಲ, ಕಣಕಣವಾಗಿ ಉದುರುವುದಿಲ್ಲ, ಸರದ ಮಣಿಯ ಕೆಳಗೆ ಕೊರೆದು ಅದನ್ನು ಗಾಳಿಯಲ್ಲಿ ನಿಲ್ಲಿಸಿದರೂ ಮುರಿಯುವುದಿಲ್ಲ. ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿಯಾಗುತ್ತ ಹೋಗುತ್ತದೆ. ಅದೇ ಕಲ್ಲಿಗೆ ಒಂದು ದೋಷವೂ ಇದೆ: ಕಣಶಿಲೆಯಂತೆ ದೊಡ್ಡ ಭಾರಕ್ಕೆ, ಉದ್ದನೆಯ ತೊಲೆಗೆ ಅದು ಒಗ್ಗುವುದಿಲ್ಲ. ತಂಜಾವೂರಿನಷ್ಟು ಎತ್ತರಕ್ಕೆ ಶಿಖರ ಏರಿಸುವ ಆಸೆ ಇಲ್ಲಿ ಹುಟ್ಟಿದ್ದರೂ ಕಲ್ಲು ಒಪ್ಪುತ್ತಿರಲಿಲ್ಲ. ಎತ್ತರಕ್ಕೆ ಹೋಗಲಾರದ ಕಟ್ಟಡ ಅಗಲಕ್ಕೆ, ಮೂಲೆಗಳಿಗೆ, ವಿವರಕ್ಕೆ ಹೋಯಿತು. ಹಳೇಬೀಡಿನ ಗೋಡೆಯ ಸುತ್ತ ಸಾವಿರಕ್ಕೂ ಮಿಕ್ಕ ಆನೆಗಳು ನಡೆಯುತ್ತವೆ. ಒಂದರ ಭಂಗಿ ಇನ್ನೊಂದರದ್ದಲ್ಲ ಎಂದು ನೋಡುಗರು ಬೆರಗಾಗುತ್ತಾರೆ. ಆ ಬೆರಗಿನ ಅರ್ಧ ಪಾಲು ಮೆದುಗಲ್ಲಿಗೆ ಸಲ್ಲಬೇಕು.

ಕಲ್ಲು ಅವಕಾಶ ಕೊಡಬಹುದು, ಆದರೆ ಅದು ತಾನೇ ಕೆಲಸ ಮಾಡುವುದಿಲ್ಲ. ಕೆಲಸಗಾರರ ಲೋಕ ಹೇಗಿತ್ತೆಂದು ತಿಳಿಯಲು ನಮಗಿರುವ ಅತ್ಯುತ್ತಮ ದಾಖಲೆ ಅವರ ಸಹಿಗಳೇ. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರು 20ನೆಯ ಶತಮಾನದ ಆರಂಭದಲ್ಲಿ ಗುಡಿಯಿಂದ ಗುಡಿಗೆ ಹೋಗಿ ಈ ಪುಟ್ಟ ಬರಹಗಳನ್ನು ಓದಿ ಪಟ್ಟಿ ಮಾಡಿಸಿದರು. ಆ ದುಡಿಮೆಗೆ ಸಿಗಬೇಕಾದಷ್ಟು ಮನ್ನಣೆ ಇನ್ನೂ ಸಿಕ್ಕಿಲ್ಲ. ಮುಂದೆ ಷ. ಶೆಟ್ಟರ್, ಕೆಲ್ಲೆಸನ್ ಕಾಲಿಯರ್ ಅವರಂಥವರು ಈ ಸಹಿಗಳನ್ನೇ ಹಿಡಿದು ಒಬ್ಬೊಬ್ಬ ಶಿಲ್ಪಿಯ ಕೈಯನ್ನು ಗುರುತಿಸಲು ತೊಡಗಿದರು. ಸಹಿಗಳಲ್ಲಿ ಬರೀ ಹೆಸರಿಲ್ಲ, ಹಲವೆಡೆ ಊರಿದೆ, ತಂದೆಯ ಹೆಸರಿದೆ, ಅದಕ್ಕಿಂತ ಹೆಚ್ಚಾಗಿ ಬಿರುದುಗಳಿವೆ. ಬಿರುದು ಹೊತ್ತ ರೂವಾರಿಗಳೆಂಬ ಮನ್ಮಥರಿಗೆ ತಾನು ಮಹೇಶ್ವರ ಎಂದು ಚಾವಣ ಹೇಳಿಕೊಳ್ಳುತ್ತಾನೆ. ನುಗ್ಗೇಹಳ್ಳಿಯಲ್ಲಿ ದುಡಿದ ನಂದಿಯ ಬೈಚೋಜ, ಎದುರಾಳಿ ಶಿಲ್ಪಿಗಳೆಂಬ ಬೆಟ್ಟಗಳಿಗೆ ತಾನು ವಜ್ರಾಯುಧ ಎನ್ನುತ್ತಾನೆ. ಇದು ವಿನಯದ ಭಾಷೆಯಲ್ಲ. ದಂಡನಾಯಕರೂ ಕವಿಗಳೂ ಹೊತ್ತು ಮೆರೆದ ಬಿರುದುಗಳ ಅಚ್ಚಿನಲ್ಲೇ ಎರಕ ಹೊಯ್ದ ಭಾಷೆ. ಬಿರುದಿದ್ದಲ್ಲಿ ಸ್ಪರ್ಧೆಯಿರುತ್ತದೆ, ಸ್ಪರ್ಧೆಯಿದ್ದಲ್ಲಿ ಆಯ್ದುಕೊಳ್ಳುವ ಗಿರಾಕಿ ಇರುತ್ತಾನೆ. ಒಬ್ಬ ದೊರೆಯ ಕಾರ್ಖಾನೆಯಲ್ಲಿ ಸಂಬಳಕ್ಕಿದ್ದವರಿಗೆ ಇಂಥ ಬಿರುದಿನ ಅಗತ್ಯ ಬೀಳುವುದಿಲ್ಲ. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿಯಲ್ಲಂತೂ ಒಂದೇ ಕಟ್ಟಡದ ಮೇಲೆ ಬೈಚೋಜನ ಮೂರ್ತಿಗಳೂ ಮಲ್ಲಿತಮ್ಮನ ಮೂರ್ತಿಗಳೂ ಪಾಲು ಹಂಚಿಕೊಂಡಿವೆ. ಇಬ್ಬರ ಕೈಗಳಲ್ಲಿರುವ ವ್ಯತ್ಯಾಸ ಇಂದಿಗೂ ಓದಲು ಸಿಗುವಷ್ಟು ಸ್ಪಷ್ಟ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಭಾರತದ ಕಲಾವಿದ ಹೆಸರು ಬಯಸದವನು, ತನ್ನ ಕೆಲಸವನ್ನು ದೇವರಿಗೆ ಒಪ್ಪಿಸಿ ಮರೆಯಾಗುವವನು ಎಂಬುದು ಕಳೆದ ಶತಮಾನದ ಕಲಾಚಿಂತನೆಯಲ್ಲಿ ಬೇರೂರಿದ ಮಾತು. ಅದರ ಪ್ರಕಾರ ಈ ಸಹಿಗಳು ಅಪವಾದ. ಅಥವಾ ಅವು ಸಹಿಗಳೇ ಅಲ್ಲ, ಕೂಲಿ ಬಟವಾಡೆಯ ಗುರುತುಗಳು. ಎರಡನೆಯ ಅರ್ಧವನ್ನು ಭಾಗಶಃ ಒಪ್ಪಬಹುದು. ಮಲ್ಲಿತಮ್ಮ ಕೆಲವೆಡೆ ‘ಮಲ್ಲಿ’ ಎಂದಷ್ಟೇ, ಕೆಲವೆಡೆ ‘ಮ’ ಎಂಬ ಒಂದೇ ಅಕ್ಷರವನ್ನು ಕೊರೆದು ಸುಮ್ಮನಾಗಿದ್ದಾನೆ. ಅದು ಲೆಕ್ಕ ಹಾಕುವವನಿಗೆ ಬಿಟ್ಟ ಗುರುತಿರಬಹುದು. ಆದರೆ ತಂದೆಯನ್ನೂ ಊರನ್ನೂ ಬಿರುದನ್ನೂ ಸೇರಿಸಿ ಕಣ್ಣಿಗೆ ಬೀಳುವ ಜಾಗದಲ್ಲಿ ಕೊರೆದ ಬರಹಕ್ಕೆ ಕೂಲಿಯ ವಿವರಣೆ ಸಾಲದು. ಅಪವಾದ ಎನ್ನುವ ಮಾತಂತೂ ಕರ್ನಾಟಕದ ಮಟ್ಟಿಗೆ ನಿಲ್ಲುವುದಿಲ್ಲ. ಬೇಲೂರಿಗಿಂತ ಸುಮಾರು ನಾಲ್ಕು ಶತಮಾನ ಹಿಂದೆ, ಬಾದಾಮಿ ಚಾಲುಕ್ಯರ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಇಂದಿನ ವಿರೂಪಾಕ್ಷ ಗುಡಿಯ ಶಾಸನಗಳು ಅದರ ಸೂತ್ರಧಾರಿ ಗುಂಡನ ಹೆಸರನ್ನೂ ಅವನಿಗೆ ಸಂದ ಅನಿವಾರಿತಾಚಾರಿ ಎಂಬ ಬಿರುದನ್ನೂ ಹೇಳುತ್ತವೆ. ಅಲ್ಲಿಯೇ ಚೆಂಗಮ್ಮ, ಪುಲ್ಲಪ್ಪ, ಬಲದೇವ ಮೊದಲಾದವರು ತಮ್ಮ ಕೆತ್ತನೆಗಳ ಪಕ್ಕ ತಮ್ಮ ಹೆಸರು ಬರೆದುಕೊಂಡಿದ್ದಾರೆ. ಹೆಸರು ಬರೆಯುವುದು ಇಲ್ಲಿ ಕಸುಬಿನೊಂದಿಗೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದ ರೂಢಿ. ಸಹಿ ಇಲ್ಲದ ಮೂರ್ತಿಗಳೇ ಹೆಚ್ಚೆಂಬುದು ನಿಜ, ಆದರೆ ಅದರಿಂದ ತಿಳಿಯುವುದು ಎಲ್ಲರಿಗೂ ಸಹಿ ಹಾಕುವ ಸ್ಥಾನಮಾನ ಇರಲಿಲ್ಲ ಎಂದು. ಹೆಸರಿನ ಆಸೆಯೇ ಇರಲಿಲ್ಲ ಎಂದಲ್ಲ.

ವಿಚಿತ್ರವೆಂದರೆ ಇಷ್ಟೊಂದು ಹೆಸರುಗಳು ಕಲ್ಲಿನ ಮೇಲೇ ಇದ್ದರೂ ಜನರ ನಾಲಿಗೆಯ ಮೇಲೆ ಉಳಿದದ್ದು ಕಲ್ಲಿನ ಮೇಲೆ ಇಲ್ಲದ ಒಂದು ಹೆಸರು. ಜಕಣಾಚಾರಿಯ ಕಥೆ ಎಲ್ಲರಿಗೂ ಗೊತ್ತು: ಮೂರ್ತಿಯ ಹೊಟ್ಟೆಯೊಳಗಿನ ಕಪ್ಪೆ, ತಂದೆಯ ತಪ್ಪು ಹಿಡಿದ ಮಗ ಡಂಕಣ, ಕತ್ತರಿಸಿಕೊಂಡ ಕೈ, ಕೈದಾಳದಲ್ಲಿ ಮರಳಿ ಬಂದ ಕೈ. ಬೇಲೂರಿನ ಸಹಿಗಳಲ್ಲಿ ಈ ಹೆಸರಿಲ್ಲ. ಕೈದಾಳದ ಚೆನ್ನಕೇಶವ ಗುಡಿಯನ್ನು 1150ರಲ್ಲಿ ಕಟ್ಟಿಸಿದವನು ಒಂದನೆಯ ನರಸಿಂಹನ ಸಾಮಂತ ಗೂಳಿಬಾಚಿ ಎಂದು ಶಾಸನ ಹೇಳುತ್ತದೆ. ಕಥೆಯನ್ನು ಸುಳ್ಳೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ಏನನ್ನು ನೆನಪಿಟ್ಟುಕೊಂಡಿದೆ ಎಂಬುದು ಹೆಚ್ಚು ಕುತೂಹಲದ್ದು. ಕಥೆಯ ಶಿಲ್ಪಿ ಅರಮನೆಯವನಲ್ಲ. ಊರು ಬಿಟ್ಟು ತಿರುಗುವವನು, ಮಗ ಇನ್ನೊಂದು ಕಡೆಯಿಂದ ಬಂದು ಎದುರಾಳಿಯಾಗಿ ನಿಲ್ಲುವವನು, ದೊರೆಯ ಎದುರೇ ಪಂದ್ಯ ನಡೆಯುವುದು. ತಂದೆ ಮಕ್ಕಳ ಕಸುಬು, ಅಲೆದಾಟ, ಸವಾಲು, ಇವು ಮೂರೂ ಸಹಿಗಳು ಹೇಳುವ ಲೋಕವೇ. ಹತ್ತಾರು ದಾಸೋಜ, ಚಾವಣ, ನಾಗೋಜರ ಬದುಕು ಒಂದು ಹೆಸರಿನೊಳಗೆ ಕರಗಿತು. ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಯೂ ಆ ಹೆಸರಿನದ್ದೇ ಆಗಿರುವುದಕ್ಕೆ ದೂರುವಂತಿಲ್ಲ. ಸಹಿ ಹಾಕಿದವರ ಹೆಸರಿನಲ್ಲೂ ಒಂದು ಇದ್ದರೆ ಚೆನ್ನಾಗಿರುತ್ತಿತ್ತು ಅಷ್ಟೆ.

ಇನ್ನು ಹಣ. ಉಳಿದಿರುವ ನೂರಕ್ಕೂ ಹೆಚ್ಚು ಹೊಯ್ಸಳ ಗುಡಿಗಳಲ್ಲಿ ದೊರೆ ಅಥವಾ ರಾಣಿ ನೇರವಾಗಿ ಕಟ್ಟಿಸಿದವು ಸಣ್ಣ ಪಾಲು. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಬೇಲೂರಿಗಿಂತ ಕೆಲವು ವರ್ಷ ಹಳೆಯದು. ನಾಲ್ಕು ಗರ್ಭಗೃಹಗಳು ಒಂದೇ ನವರಂಗಕ್ಕೆ ಬಾಗಿಲು ತೆರೆಯುವ ಅಪರೂಪದ ಚತುಷ್ಕೂಟ. ಅದನ್ನು ಕಟ್ಟಿಸಿದ್ದು ವ್ಯಾಪಾರಿ ಕುಲ್ಲಹಣ ರಾಹುತ ಮತ್ತು ಅವನ ಹೆಂಡತಿ ಸಹಜಾದೇವಿ, ಕಡೆದದ್ದು ಮಲ್ಲೋಜ ಮಣಿಯೋಜ. ಹಳೇಬೀಡಿನ ಹೊಯ್ಸಳೇಶ್ವರ ಎಂಬ ಹೆಸರೇ ಮನೆತನದ್ದು, ಆದರೆ ಅದನ್ನು ಕಟ್ಟಿಸಲು ಮುಂದಾದವನು ಅಧಿಕಾರಿ ಕೇತಮಲ್ಲ. ದೊರೆಯ ಹೆಸರಿನ ಈಶ್ವರನೂ ಶಾಂತಲೆಯ ಹೆಸರಿನ ಈಶ್ವರನೂ ಅಕ್ಕಪಕ್ಕ ನಿಂತಿರುವುದು ಅವನು ಸಲ್ಲಿಸಿದ ಗೌರವ. ಇಮ್ಮಡಿ ಬಲ್ಲಾಳ 1173ರಲ್ಲಿ ಪಟ್ಟಕ್ಕೆ ಬಂದ ನೆನಪಿಗೆ ಕೋರವಂಗಲದಲ್ಲಿ ಬೂಚೇಶ್ವರ ಗುಡಿ ಎದ್ದಿತು, ಕಟ್ಟಿಸಿದವನು ಬೂಚಿರಾಜ. ಅಮೃತಾಪುರದ್ದು 1196ರಲ್ಲಿ ಅಮೃತೇಶ್ವರ ದಂಡನಾಯಕನದು, ಬಸರಾಳಿನದು 1234ರಲ್ಲಿ ಹರಿಹರ ದಂಡನಾಯಕನದು, ನುಗ್ಗೇಹಳ್ಳಿಯದು 1246ರಲ್ಲಿ ಬೊಮ್ಮಣ್ಣ ದಂಡನಾಯಕನದು, ಸೋಮನಾಥಪುರದ್ದು 1258ರಲ್ಲಿ ಸೋಮನಾಥ ದಂಡನಾಯಕನದು. ಈ ಗುಡಿಗಳನ್ನು ಬರೀ ಭಕ್ತಿಯ ಕೆಲಸವೆಂದು ಓದಿದರೆ ಅರ್ಧವೇ ಓದಿದಂತೆ. ದಂಡನಾಯಕ ಒಂದು ಊರನ್ನು ತನ್ನ ಹೆಸರಿನಲ್ಲಿ ಅಗ್ರಹಾರ ಮಾಡಿಸುತ್ತಾನೆ, ಅಲ್ಲಿ ಬ್ರಾಹ್ಮಣರನ್ನು ನೆಲೆಗೊಳಿಸುತ್ತಾನೆ, ಗದ್ದೆ ಬಿಟ್ಟುಕೊಡುತ್ತಾನೆ, ದೊರೆಯಿಂದ ಅದಕ್ಕೆ ದತ್ತಿ ಪಡೆಯುತ್ತಾನೆ, ನಡುವೆ ಗುಡಿ ನಿಲ್ಲಿಸುತ್ತಾನೆ. ಗುಡಿ ಅವನ ಹೆಸರಿನ ಊರಿಗೆ ಹಾಕಿದ ಗೂಟ. ಇಂಥ ಗಿರಾಕಿಗೆ ಹತ್ತು ವರ್ಷ, ಇಪ್ಪತ್ತು ವರ್ಷ ಕಾಯುವ ವ್ಯವಧಾನವಿಲ್ಲ, ತಂಜಾವೂರಿನಷ್ಟು ಹಣವೂ ಇಲ್ಲ. ಚಿಕ್ಕದು ಬೇಕು, ಬೇಗ ಬೇಕು, ಪಕ್ಕದ ದಂಡನಾಯಕನದಕ್ಕಿಂತ ಚಂದ ಬೇಕು. ಹೊಯ್ಸಳ ಗುಡಿಯ ಗಾತ್ರಕ್ಕೂ ಅದರ ಕಿಕ್ಕಿರಿದ ಅಲಂಕಾರಕ್ಕೂ ಈ ಗಿರಾಕಿಯೇ ಅರ್ಧ ಕಾರಣ ಎಂದು ನಾನು ಎಣಿಸುತ್ತೇನೆ.

ಮತ ಕೂಡ ಶೈಲಿಯನ್ನು ಹಂಚಿಕೊಂಡಿತೇ ಹೊರತು ಒಡೆಯಲಿಲ್ಲ. ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ 1133ರಲ್ಲಿ ಹಳೇಬೀಡಿನಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಒಳಗಂಬಗಳು ಕನ್ನಡಿಯಷ್ಟು ನುಣುಪು, ಹೊರಗೋಡೆ ಮಾತ್ರ ಮೂರ್ತಿಗಳಿಲ್ಲದೆ ಸಪಾಟು. ಅದೇ ಕಲ್ಲು, ಅದೇ ಕಾಲ, ಅದೇ ಪಟ್ಟಣ; ಬೇಡಿಕೆ ಬೇರೆ, ಹಾಗಾಗಿ ಗೋಡೆಯೂ ಬೇರೆ. ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿ ಶೈವ ಬ್ರಾಹ್ಮಣ, ಅವನ ಹೆಂಡತಿ ಆಚಲದೇವಿ ಜೈನಳು. ಶ್ರವಣಬೆಳಗೊಳದಲ್ಲಿ 1181ರಲ್ಲಿ ಆಕೆ ಕಟ್ಟಿಸಿದ ಅಕ್ಕನ ಬಸದಿ ಆ ಊರಿನಲ್ಲಿ ಈ ಮಾದರಿಯ ಅಚ್ಚುಕಟ್ಟಾದ ನಿದರ್ಶನ. ರೂವಾರಿಗೆ ಒಳಗಿರುವವನು ಕೇಶವನೋ, ಲಿಂಗವೋ, ತೀರ್ಥಂಕರನೋ ಎಂಬುದು ಮೂರ್ತಿಯ ಲಕ್ಷಣ ಬದಲಿಸುವ ಸಂಗತಿ, ಕೈಯನ್ನು ಬದಲಿಸುವ ಸಂಗತಿಯಲ್ಲ.

ಶೈಲಿ ಮನೆತನದ್ದೋ ನೆಲದ ಕಸುಬಿನದ್ದೋ ಎಂಬುದನ್ನು ಒರೆಗೆ ಹಚ್ಚಲು ಇತಿಹಾಸವೇ ಎರಡು ಕಟ್ಟಡಗಳನ್ನು ಒದಗಿಸಿದೆ. ಮೊದಲನೆಯದು ಹರಿಹರದ ಹರಿಹರೇಶ್ವರ. ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಅದನ್ನು ಕಟ್ಟಿಸಿದ. ಒಡೆಯ ಹೊಯ್ಸಳ, ಅಧಿಕಾರಿ ಹೊಯ್ಸಳ, ಕಾಲವೂ ಹೊಯ್ಸಳರ ಏರುಗಾಲ. ಆದರೂ ಅಲ್ಲಿ ಸೋಮನಾಥಪುರದ ಮೂರ್ತಿಸಾಲುಗಳಿಲ್ಲ, ಆನೆಕುದುರೆಗಳ ಪಟ್ಟಿಕೆಗಳಿಲ್ಲ. ಗಂಭೀರವಾದ ಗೋಡೆ, ಹೊಳಪಿನ ಗಂಟೆಯಾಕಾರದ ಕಂಬಗಳು, ವಿಶಾಲ ಮಂಟಪ, ಎಲ್ಲವೂ ತುಂಗಭದ್ರೆಯ ದಂಡೆಯ ಹಳೆಯ ಚಾಲುಕ್ಯ ರೀತಿಯವು. ಆ ಊರಿನ ಸುತ್ತ ದುಡಿಯುತ್ತಿದ್ದವರು ಆ ರೀತಿಯವರು, ಹಾಗಾಗಿ ಗುಡಿಯೂ ಹಾಗೆ. ಎರಡನೆಯದು ದೂರದ ಕಣ್ಣನೂರು, ತಿರುಚಿರಾಪಳ್ಳಿಯ ಹತ್ತಿರ ಸಮಯಪುರದ ಬಳಿ. 13ನೆಯ ಶತಮಾನದ ನಡುವೆ ಸೋಮೇಶ್ವರ ತಮಿಳು ನಾಡಿನ ರಾಜಕೀಯದೊಳಗೆ ಇಳಿದು ಅಲ್ಲಿಯೇ ರಾಜಧಾನಿ ಮಾಡಿಕೊಂಡ, ಮನೆತನದ ಹೆಸರಿನಲ್ಲೇ ಒಂದು ಈಶ್ವರನ ಗುಡಿ ಕಟ್ಟಿಸಿದ. ಹೆಸರಿನಲ್ಲಿ ಹೊಯ್ಸಳ, ಕಟ್ಟಿಸಿದವನು ಹೊಯ್ಸಳ ದೊರೆ, ಆದರೆ ಕಟ್ಟಡ ಕಣಶಿಲೆಯದು, ಪೂರ್ತಿ ತಮಿಳು ರೀತಿಯದು. ನಕ್ಷತ್ರಾಕಾರದ ಜಗತಿಕಟ್ಟೆಯೂ ಇಲ್ಲ, ಮದನಿಕೆಯೂ ಇಲ್ಲ. ಸೋಮೇಶ್ವರನಿಗೆ ತನ್ನ ಶೈಲಿ ಎಂಬ ಅಭಿಮಾನ ಇದ್ದಿದ್ದರೆ ಅದನ್ನು ತೋರಿಸಲು ಅದಕ್ಕಿಂತ ತಕ್ಕ ಜಾಗ ಇರಲಿಲ್ಲ; ಪರನಾಡಿನಲ್ಲಿ ರಾಜಧಾನಿ, ಸುತ್ತ ಚೋಳರು ಪಾಂಡ್ಯರು. ಅವನು ತೋರಿಸಲಿಲ್ಲ. ಅದೇ ದಶಕಗಳಲ್ಲಿ ಅವನ ಕನ್ನಡ ನಾಡಿನ ಅಧಿಕಾರಿಗಳು ನುಗ್ಗೇಹಳ್ಳಿ, ಜಾವಗಲ್‌, ಹೊಸಹೊಳಲುಗಳಲ್ಲಿ ಬಳಪದ ಕಲ್ಲನ್ನು ಕಡೆಸುತ್ತಿದ್ದರು.

ಇದನ್ನೇ ತಿರುಗಿಸಿ ನೋಡಿದರೆ, ಹೊಯ್ಸಳರ ಗಂಧವೂ ಇಲ್ಲದ ನೆಲದಲ್ಲಿ ಇದರ ದಾಯಾದಿಗಳು ಕಾಣುತ್ತಾರೆ. ಕಾಕತೀಯರ ಹನುಮಕೊಂಡದ ಸಾವಿರ ಕಂಬದ ಗುಡಿ 1163ರದ್ದು, ಪಾಲಂಪೇಟೆಯ ರಾಮಪ್ಪ ಗುಡಿ 1213ರಲ್ಲಿ ರೇಚರ್ಲ ರುದ್ರನೆಂಬ ಸೇನಾನಿ ಕಟ್ಟಿಸಿದ್ದು. ರಾಮಪ್ಪ ಗುಡಿಯ ಸೂರಿನ ಕೆಳಗೆ ಬಾಗಿ ನಿಂತ ಕಪ್ಪುಗಲ್ಲಿನ ಹೆಣ್ಣುಗಳು ಬೇಲೂರಿನ ಮದನಿಕೆಯರ ಸೋದರಿಯರು, ಮೈ ಇನ್ನೂ ತೆಳ್ಳಗೆ, ಇನ್ನೂ ನೀಳ. ಬೇಲೂರಿನಿಂದ ಅಲ್ಲಿಗೆ ಯಾರಾದರೂ ಹೋದರು ಎನ್ನಬೇಕಿಲ್ಲ. ಎರಡೂ ಕಡೆಯವರು ಚಾಲುಕ್ಯರ ಸಾಮಂತರಾಗಿದ್ದವರು, ಎರಡೂ ಕಡೆಯ ಶಿಲ್ಪಿಗಳು ಕಲಿತ ಪಾಠ ಒಂದೇ.

ಶೈಲಿಯೊಳಗಿನ ಬದಲಾವಣೆಗಳೂ ಪಟ್ಟಾಭಿಷೇಕಗಳ ಪಟ್ಟಿಗೆ ಹೊಂದುವುದಿಲ್ಲ. 12ನೆಯ ಶತಮಾನದ ಗುಡಿಗಳಲ್ಲಿ ಗೋಡೆಗೆ ಒಂದೇ ಕಪೋತ, ಅಂದರೆ ಮಳೆನೀರು ಜಾರುವ ಚಾಚು. ಅದರ ಕೆಳಗೆ ಪುಟ್ಟ ಗೋಪುರಗಳು, ಮೂರ್ತಿಗಳು. 13ನೆಯ ಶತಮಾನಕ್ಕೆ ಬಂದರೆ ಗೋಡೆಯ ನಡುವೆ ಇನ್ನೊಂದು ಕಪೋತ ಹುಟ್ಟಿಕೊಳ್ಳುತ್ತದೆ. ಪುಟ್ಟ ಗೋಪುರಗಳು ಎರಡು ಚಾಚುಗಳ ನಡುವಿನ ಪಟ್ಟಿಗೆ ಸರಿಯುತ್ತವೆ, ದೊಡ್ಡ ಮೂರ್ತಿಗಳ ಸಾಲು ಕೆಳಗಿನ ಚಾಚಿನ ನೆರಳಿಗೆ ಬರುತ್ತದೆ, ಬುಡದಲ್ಲಿ ಒಂದೇ ಅಗಲದ ಆರು ಪಟ್ಟಿಕೆಗಳು ನೆಲೆಗೊಳ್ಳುತ್ತವೆ. ಹಾರನಹಳ್ಳಿ, ನುಗ್ಗೇಹಳ್ಳಿ, ಜಾವಗಲ್‌, ಹೊಸಹೊಳಲು, ಸೋಮನಾಥಪುರ ಎಲ್ಲ ಈ ಹೊಸ ಬಗೆಯವು. ಇಮ್ಮಡಿ ನರಸಿಂಹ, ಸೋಮೇಶ್ವರ, ಮುಮ್ಮಡಿ ನರಸಿಂಹ ಹೀಗೆ ಮೂವರು ದೊರೆಗಳ ಕಾಲ ಈ ಬಗೆ ಅಷ್ಟಾಗಿ ಕದಲದೆ ನಿಂತಿತು. ಏಕೆಂದರೆ ದೊರೆಗಳು ಬದಲಾದರೂ ಕೈಗಳು ಬದಲಾಗಲಿಲ್ಲ. ಮಲ್ಲಿತಮ್ಮನ ಸಹಿ ಅಮೃತಾಪುರದಲ್ಲಿ 1196ರ ಗುಡಿಯಲ್ಲಿದೆ, ಗೋವಿಂದನಹಳ್ಳಿಯಲ್ಲಿದೆ, ನುಗ್ಗೇಹಳ್ಳಿಯಲ್ಲಿದೆ, ಜಾವಗಲ್‌ನಲ್ಲಿದೆ, ಕೊನೆಗೆ ಸೋಮನಾಥಪುರದ ಸುಮಾರು 40 ಮೂರ್ತಿಗಳ ಕೆಳಗಿದೆ. ಅಲ್ಲಿ ಅವನ ಜೊತೆ ಮಸಣಿತಮ್ಮ, ಚೌಡಯ್ಯ, ಭರ್ಮಯ್ಯ, ನಂಜಯ್ಯ ಮೊದಲಾದವರ ಹೆಸರುಗಳೂ ಇವೆ, ಆದರೆ ಪಾಲು ಅವನದೇ ದೊಡ್ಡದು. 1196ರಿಂದ 1258 ಎಂದರೆ 62 ವರ್ಷ. ಒಬ್ಬನೇ ಮನುಷ್ಯ ಅಷ್ಟು ಕಾಲ ಉಳಿ ಹಿಡಿದಿದ್ದನೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹದಿನಾರು ಹದಿನೇಳಕ್ಕೆ ಶುರುಮಾಡಿ ಎಂಬತ್ತರ ಹತ್ತಿರ ಕೈ ಬಿಟ್ಟಿರಬಹುದು. ಅಜ್ಜನ ಹೆಸರು ಮೊಮ್ಮಗನಿಗೆ ಬಂದು ಇಬ್ಬರು ಮಲ್ಲಿತಮ್ಮರಿದ್ದಿರಬಹುದು. ಮುಖ್ಯಸ್ಥನ ಹೆಸರು ಅವನ ತಂಡದ ಕೆಲಸಕ್ಕೆಲ್ಲ ಬಿದ್ದಿರಲೂಬಹುದು. ಸೋಮನಾಥಪುರದ 40 ಮೂರ್ತಿಗಳ ಕೌಶಲ ಒಂದೇ ಮಟ್ಟದ್ದಲ್ಲದಿರುವುದು ಮೂರನೆಯ ಊಹೆಯ ಕಡೆ ನನ್ನನ್ನು ಎಳೆಯುತ್ತದೆ. ಯಾವುದೇ ಉತ್ತರ ಬಂದರೂ ಒಂದು ಮಾತು ಉಳಿಯುತ್ತದೆ: ಹೊಯ್ಸಳ ಗುಡಿಯ ಎರಡನೆಯ ಘಟ್ಟಕ್ಕೆ ನಿರಂತರತೆ ಕೊಟ್ಟದ್ದು ಒಬ್ಬ ಶಿಲ್ಪಿಯ ಬದುಕು ಅಥವಾ ಅವನ ಮನೆಯ ಬದುಕು.

ನನ್ನ ವಾದಕ್ಕೆ ಬರಬಹುದಾದ ಅತ್ಯಂತ ಗಟ್ಟಿ ಆಕ್ಷೇಪ ಬೇರೆಯೇ ಇದೆ. ದಂಡನಾಯಕರು ಕಟ್ಟಿಸಿದರು, ಸರಿ. ಆದರೆ ದಂಡನಾಯಕರಿಗೆ ನೆಲ ಕೊಟ್ಟವನು, ಪದವಿ ಕೊಟ್ಟವನು, ಶಾಂತಿ ಕಾಪಾಡಿದವನು ದೊರೆಯಲ್ಲವೇ? ಬೇಲೂರು ಎಂಬ ದೊಡ್ಡ ಮಾದರಿಯನ್ನು ದೊರೆ ನಿಲ್ಲಿಸದೆ ಇದ್ದಿದ್ದರೆ ಚಿಕ್ಕವರು ಯಾವುದನ್ನು ನೋಡಿ ಆಸೆಪಡುತ್ತಿದ್ದರು? ಇದನ್ನು ನಾನು ಒಪ್ಪುತ್ತೇನೆ. ಬಳ್ಳಿಗಾವೆಯ ತಂದೆ ಮಗನನ್ನೂ ಗದುಗಿನವನನ್ನೂ ಒಂದೇ ಕಡೆ ಸೇರಿಸುವಷ್ಟು ದೊಡ್ಡ ಕೆಲಸ 1117ರ ಸುಮಾರಿಗೆ ಆ ಸೀಮೆಯಲ್ಲಿ ವಿಷ್ಣುವರ್ಧನನದಲ್ಲದೆ ಬೇರಾರದೂ ಇರಲಿಲ್ಲ. ದೊಡ್ಡಗದ್ದವಳ್ಳಿಯ ಸರಳ ಮೆಟ್ಟಿಲು ಶಿಖರಗಳ ಪಕ್ಕ ಬೇಲೂರನ್ನು ಇಟ್ಟರೆ, ಕೆಲವೇ ವರ್ಷಗಳಲ್ಲಿ ಆದ ನೆಗೆತಕ್ಕೆ ಅರಮನೆಯ ಬೊಕ್ಕಸ ಕಾರಣವೆಂಬುದು ಗೊತ್ತಾಗುತ್ತದೆ. 1219ರಲ್ಲಿ ಇಮ್ಮಡಿ ಬಲ್ಲಾಳನೂ ರಾಣಿ ಅಭಿನವ ಕೇತಲದೇವಿಯೂ ಹಳೇಬೀಡಿನಲ್ಲಿ ಕಟ್ಟಿಸಿದ ಕೇದಾರೇಶ್ವರವೂ ಹೊಸ ದಾರಿ ತೋರಿದ ಗುಡಿಗಳ ಸಾಲಿನದ್ದೇ. ಆದರೆ ಒಂದು ಕಸುಬನ್ನು ಪೋಷಿಸುವುದು ಬೇರೆ, ಅದನ್ನು ರೂಪಿಸುವುದು ಬೇರೆ. ದೊರೆ ಶಿಲ್ಪಿಗಳನ್ನು ಕರೆಸಿದ. ಏನು ಕಡೆಯಬೇಕೆಂಬ ಜ್ಞಾನವನ್ನು ಅವರು ತಮ್ಮ ಊರಿನಿಂದ ತಂದಿದ್ದರು. ದೊರೆ ಇಲ್ಲದಾಗಲೂ, ಬೇರೆ ದೊರೆ ಬಂದಾಗಲೂ ಅವರು ಅದನ್ನೇ ಮುಂದುವರಿಸಿದರು. ದೊರೆ ಬೇರೆ ನಾಡಿಗೆ ಹೋದಾಗ ಅದು ಅವನ ಹಿಂದೆ ಹೋಗಲಿಲ್ಲ.

ಕೊನೆಯ ಆಕ್ಷೇಪ ಅಂತ್ಯದ ಬಗ್ಗೆ. ಮನೆತನ ಅಳಿದಾಗ ಶೈಲಿಯೂ ಅಳಿಯಿತಲ್ಲ, ಹಾಗಾದರೆ ಅದು ಮನೆತನದ್ದೇ ಅಲ್ಲವೇ? ಕಾಲಕ್ರಮ ಅಷ್ಟು ಸರಳವಾಗಿಲ್ಲ. 1311ರಲ್ಲಿ ದೆಹಲಿಯ ಸೇನಾನಿ ಮಲಿಕ್ ಕಾಫೂರ್ ಹೊಯ್ಸಳರ ರಾಜಧಾನಿ ದೋರಸಮುದ್ರದ, ಅಂದರೆ ಹಳೇಬೀಡಿನ, ಮೇಲೆ ದಂಡೆತ್ತಿ ಬರುವ ಮೊದಲೇ, 13ನೆಯ ಶತಮಾನದ ಕೊನೆಯ ದಶಕಗಳಲ್ಲಿ, ದೊಡ್ಡ ಗುಡಿಗಳ ಕೆಲಸ ತೆಳುವಾಗಿತ್ತು. ಸೋಮೇಶ್ವರನ ನಂತರ ರಾಜ್ಯ ಮಕ್ಕಳ ನಡುವೆ ಹಂಚಿಹೋಯಿತು, ದಂಡನಾಯಕರ ಹಣ ಅಗ್ರಹಾರದಿಂದ ಕಾಳಗಕ್ಕೆ ತಿರುಗಿತು. ಗಿರಾಕಿ ಮೊದಲು ಹೋದ, ಮನೆತನ ಆಮೇಲೆ. ಮೂರನೆಯ ಬಲ್ಲಾಳ 1340ರ ದಶಕದ ಆರಂಭದಲ್ಲಿ ಮಧುರೆಯ ಸುಲ್ತಾನನ ಕೈಯಲ್ಲಿ ಸತ್ತ ಹೊತ್ತಿಗೆ ವಿದ್ಯೆ ಕಲಿತ ಕೈಗಳು ಎಷ್ಟೋ ಚದುರಿದ್ದವು. ಹೊಸ ಅಧಿಕಾರ ವಿಜಯನಗರದಲ್ಲಿ ಹುಟ್ಟಿತು, ಅಲ್ಲಿಯ ಬಂಡೆಗಳು ಕಣಶಿಲೆಯವು, ಅಲ್ಲಿಯ ಗಿರಾಕಿಗೆ ದೂರದಿಂದ ಕಾಣುವ ರಾಯಗೋಪುರ ಬೇಕು, ಸಾವಿರಾರು ಜನ ಸೇರುವ ಮಂಟಪ ಬೇಕು. ಮಣಿಸರದ ಕೆಳಗೆ ಉಳಿ ತೂರಿಸುವ ವಿದ್ಯೆಗೆ ಅಲ್ಲಿ ಕಲ್ಲೂ ಇರಲಿಲ್ಲ, ಕೂಲಿಯೂ ಇರಲಿಲ್ಲ. ಆದರೂ ಅದು ಒಂದೇ ಏಟಿಗೆ ಸಾಯಲಿಲ್ಲ. ಶೃಂಗೇರಿಯ ವಿದ್ಯಾಶಂಕರ ಗುಡಿ 14ನೆಯ ಶತಮಾನದ್ದು. ಅದರ ಬುಡದಲ್ಲಿ ಹೊಯ್ಸಳ ಗುಡಿಗಳ ಜಗತಿಯಿದೆ, ಮೂಲೆಮೂಲೆಯಾಗಿ ಮುರಿದ ಗೋಡೆಯಿದೆ, ಪಟ್ಟಿಕೆಗಳಲ್ಲಿ ಕಥೆಗಳಿವೆ. ಕಲ್ಲು ಮಾತ್ರ ಗಡಸು, ಹಾಗಾಗಿ ಮೂರ್ತಿಗಳ ಮೈಮೇಲಿನ ಆಭರಣಗಳು ಗೆರೆಗಳಾಗಿ ಉಳಿದಿವೆ, ಹೊರಕ್ಕೆ ಎದ್ದು ಬಂದಿಲ್ಲ.